ಹಾಸಿಲ್ಲದ ಹೊಕ್ಕು: ಜಾಲತಾಣಗಳಲ್ಲಿ ಹರೆಯದವರು ನಿಲ್ಲುತ್ತಾರೆಯೇ?

(ದತ್ತಿ ಉಪನ್ಯಾಸದ ಮುದ್ರಿತ ರೂಪ)

ಪೀಠಿಕೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳದಿಂದ ಜಮಖಂಡಿಗೆ, ಮಹಾಲಿಂಗಪುರದಿಂದ ಸಮೀರವಾಡಿಗೆ ಹೋಗುವ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು ಹತ್ತುತ್ತದೆ. ಚಾಲಕನ ಬದಿಯ ಸ್ಪೀಕರಿನಿಂದ ಹೊರಡುವ ಹಾಡು ಹಿಂದಿನ ಟ್ರ್ಯಾಕ್ಟರಿಗೂ ಕೇಳಿಸುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ಅಂಥ ಹಾಡು ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು. ಆಮೇಲೆ ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ರೊಕ್ಕ ಕೊಟ್ಟು ಮೆಮೊರಿ ಕಾರ್ಡಿಗೆ ಹಾಕಿಸಿಕೊಳ್ಳುವ ಹಾಡಾಯಿತು. ಮುಂದೆ ಟಿಕ್‌ಟಾಕ್‌ನಲ್ಲಿ ಹದಿನೈದು ಸೆಕೆಂಡಿನ ತುಣುಕಾಯಿತು. ಈಗ ಅದು ಇನ್‌ಸ್ಟಾಗ್ರಾಮ್ ರೀಲಿನಲ್ಲಿ ಹುಟ್ಟಿ, ಯೂಟ್ಯೂಬಿನಲ್ಲಿ ಪೂರ್ತಿಯಾಗಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಊರಿಗೆಲ್ಲ ಹಬ್ಬುತ್ತದೆ. ಹಾಡಿನ ಭಾಷೆಯಾಗಲಿ ಕೇಳುವವರ ವಯಸ್ಸಾಗಲಿ ಅಷ್ಟಾಗಿ ಬದಲಾಗಿಲ್ಲ. ಹಾಡು ತಲುಪುವ ದಾರಿ ಮಾತ್ರ ಒಂದೇ ತಲೆಮಾರಿನಲ್ಲಿ ಹಲವು ಸಲ ಬದಲಾಗಿದೆ.

ಈ ಉಪನ್ಯಾಸದ ಪ್ರಶ್ನೆ ಆ ದಾರಿಗಳದು. ಕೋಟಿಗಟ್ಟಲೆ ಜನ ಬಳಸುವ ಸಾಮಾಜಿಕ ಜಾಲತಾಣಗಳು ತಮ್ಮ ಹರೆಯದ ಬಳಕೆದಾರರನ್ನು ಉಳಿಸಿಕೊಳ್ಳಬಲ್ಲವೇ? ಅಮೆರಿಕದ ಕಂಪನಿಗಳ ಆಡಳಿತ ಮಂಡಳಿಗಳು ಈ ಪ್ರಶ್ನೆಯನ್ನು ಷೇರು ಪೇಟೆಯ ಕಣ್ಣಿನಿಂದ ಕೇಳಿಕೊಳ್ಳುತ್ತವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ನಿಂತು ಕೇಳಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಇಲ್ಲಿನ ಹುಡುಗರು ಒಂದು ತಾಣ ಬಿಟ್ಟು ಇನ್ನೊಂದಕ್ಕೆ ಹೋದಾಗ ಕಂಪನಿಯೊಂದು ಗಿರಾಕಿಗಳನ್ನು ಕಳೆದುಕೊಳ್ಳುತ್ತದೆ, ನಿಜ. ಆದರೆ ಅವರು ಆ ತಾಣದಲ್ಲಿ ಮಾಡಿಟ್ಟ ಹಾಡು, ನಗೆನಾಟಕ, ಜಾತ್ರೆಯ ಚಿತ್ರ, ಊರಿನ ಮಾತು ಇವೆಲ್ಲ ಏನಾದವು ಎಂದು ಕೇಳುವವರು ಯಾರೂ ಇಲ್ಲ.

ನೆಲದ ಪರಿಚಯ

1997ರ ಆಗಸ್ಟ್ 15ರಂದು ವಿಜಾಪುರದಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗ ಇದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು. ರಬಕವಿ-ಬನಹಟ್ಟಿ ನೇಕಾರರ ಊರು. ಬೀಳಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ನೆಲ ಕೊಟ್ಟು ಪುನರ್ವಸತಿ ಕೇಂದ್ರಗಳಾಗಿವೆ. ಮಹಾರಾಷ್ಟ್ರದ ಗಡಿ ಹತ್ತಿರವಾದ್ದರಿಂದ ಇಲ್ಲಿನ ಹುಡುಗರ ಫೋನಿನಲ್ಲಿ ಕನ್ನಡ ರೀಲಿನ ಬೆನ್ನಿಗೇ ಮರಾಠಿ ರೀಲು ಬರುತ್ತದೆ. ದುಡಿಮೆಗೆಂದು ಸಾಂಗಲಿ, ಇಚಲಕರಂಜಿ, ಪುಣೆ, ಗೋವಾ, ಮಂಗಳೂರು, ಬೆಂಗಳೂರಿಗೆ ಹೋದವರಿಗೆ ಊರಿನೊಡನೆ ದಿನದ ನಂಟು ಉಳಿದಿರುವುದು ಈ ಫೋನಿನಲ್ಲೇ.

ಬಾಗಲಕೋಟೆ–ಕುಡಚಿ ನಡುವಿನ 142 ಕಿಲೋಮೀಟರ್ ರೈಲು ಮಾರ್ಗಕ್ಕೆ 2010ರಲ್ಲಿ ಮಂಜೂರಾತಿ ಸಿಕ್ಕಿತು. ಅದರ ಕೆಲಸ ವರ್ಷಗಟ್ಟಲೆ ಎಳೆದಿದೆ. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಗಿ ಡೇಟಾ ದರ ನೆಲ ಕಚ್ಚಿದ ಮೇಲೆ 4ಜಿ ಬಂದು ತಲುಪಲು ಅಷ್ಟು ಕಾಲ ಹಿಡಿಯಲಿಲ್ಲ. ರೈಲು ಕಾಣದ ಊರಿನ ಹುಡುಗ ತನ್ನ ತೆರಬಂಡಿ ಸ್ಪರ್ಧೆಯ ಎತ್ತುಗಳನ್ನು ಜಗತ್ತಿಗೆ ತೋರಿಸುವ ಕಾಲ ಬಂತು.

ಬಂದವರು, ಹೋದವರು

ಜಾಲತಾಣ ಸಾಯುವುದು ಹೊಸ ಸಂಗತಿಯಲ್ಲ. 2003ರಲ್ಲಿ ಹುಟ್ಟಿದ ಮೈಸ್ಪೇಸ್ ಅಮೆರಿಕದ ಹದಿಹರೆಯದವರ ಮನೆಮಾತಾಗಿತ್ತು. 2005ರಲ್ಲಿ ರೂಪರ್ಟ್ ಮರ್ಡೋಕರ ನ್ಯೂಸ್ ಕಾರ್ಪ್ ಅದನ್ನು 58 ಕೋಟಿ ಡಾಲರಿಗೆ ಕೊಂಡಿತು. ಆರು ವರ್ಷಗಳ ನಂತರ ಸುಮಾರು 3.5 ಕೋಟಿ ಡಾಲರಿಗೆ ಮಾರಿತು. ನಡುವೆ ಆದದ್ದು ಇಷ್ಟೇ: ಹುಡುಗರು ಎದ್ದು ಫೇಸ್‌ಬುಕ್ಕಿಗೆ ಹೋದರು.

ಭಾರತದಲ್ಲಿ ಆ ಜಾಗದಲ್ಲಿದ್ದದ್ದು ಆರ್ಕುಟ್. ಗೂಗಲ್ ಸಂಸ್ಥೆಯ ಎಂಜಿನಿಯರ್ ಆರ್ಕುಟ್ ಬುಯುಕ್‌ಕೊಕ್ಟೆನ್ 2004ರ ಜನವರಿಯಲ್ಲಿ ತೆರೆದ ಈ ತಾಣ ತವರಾದ ಅಮೆರಿಕಕ್ಕಿಂತ ಬ್ರೆಜಿಲ್ ಮತ್ತು ಭಾರತಗಳಲ್ಲಿ ಹೆಚ್ಚು ಬೆಳೆಯಿತು. ಆಗ ಮನೆಯಲ್ಲಿ ಕಂಪ್ಯೂಟರ್ ಇದ್ದವರು ಕಡಿಮೆ. ತಾಲ್ಲೂಕು ಕೇಂದ್ರಗಳ ಹುಡುಗರು ನೆಟ್ ಸೆಂಟರಿನಲ್ಲಿ ಗಂಟೆಯ ಲೆಕ್ಕಕ್ಕೆ ರೊಕ್ಕ ಕೊಟ್ಟು ಕೂತು, ಗೆಳೆಯರ ಪುಟದಲ್ಲಿ ಸ್ಕ್ರಾಪ್ ಬರೆದು ಬರುತ್ತಿದ್ದರು. ಕನ್ನಡದ ಹೆಸರಿನಲ್ಲಿ, ಊರುಗಳ ಹೆಸರಿನಲ್ಲಿ, ನಟರ ಹೆಸರಿನಲ್ಲಿ ಬಳಗಗಳು ಹುಟ್ಟಿದವು. 2014ರ ಸೆಪ್ಟೆಂಬರ್ 30ರಂದು ಗೂಗಲ್ ಅದನ್ನು ಮುಚ್ಚಿತು. ಬರೆದದ್ದನ್ನು, ಹಾಕಿದ ಫೋಟೊಗಳನ್ನು ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ಅವಕಾಶವಿತ್ತು. ನೆಟ್ ಸೆಂಟರಿನಲ್ಲಿ ತೆರೆದ ಖಾತೆಯ ಪಾಸ್‌ವರ್ಡ್ ಮರೆತವರಿಗೆ ಆ ಅವಕಾಶದಿಂದ ಉಪಯೋಗವಾಗಲಿಲ್ಲ.

ಫೇಸ್‌ಬುಕ್ಕಿನ ಕಥೆ ಹೀಗೆ ಮುಗಿದಿಲ್ಲ. 2023ರಲ್ಲಿ ಅದರ ತಿಂಗಳ ಬಳಕೆದಾರರು 300 ಕೋಟಿ ದಾಟಿದರು. ಆದರೆ ವಯಸ್ಸಿನ ಲೆಕ್ಕ ತೆಗೆದರೆ ಚಿತ್ರ ಬೇರೆ. ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯ ಪ್ರಕಾರ 2014–15ರಲ್ಲಿ ಅಮೆರಿಕದ 13ರಿಂದ 17 ವಯಸ್ಸಿನವರಲ್ಲಿ ಶೇ. 71ರಷ್ಟು ಫೇಸ್‌ಬುಕ್ ಬಳಸುತ್ತಿದ್ದರು. 2022ಕ್ಕೆ ಅದು ಶೇ. 32ಕ್ಕೆ ಇಳಿದಿತ್ತು. ಅದೇ ವರ್ಷ ಶೇ. 95ರಷ್ಟು ಹದಿಹರೆಯದವರು ಯೂಟ್ಯೂಬ್ ನೋಡುತ್ತಿದ್ದರು.

2022ರ ಫೆಬ್ರುವರಿಯ ಒಂದು ಸುದ್ದಿ ಈ ಭಾಗದ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು. ತನ್ನ ದಿನದ ಬಳಕೆದಾರರು ಮೊದಲ ಬಾರಿಗೆ ಕಡಿಮೆಯಾಗಿದ್ದಾರೆ ಎಂದು ಫೇಸ್‌ಬುಕ್ಕಿನ ಒಡೆತನದ ಮೆಟಾ ಕಂಪನಿ ಪ್ರಕಟಿಸಿತು. ಮರುದಿನ ಅದರ ಷೇರು ಶೇ. 26ರಷ್ಟು ಕುಸಿದು, 23,000 ಕೋಟಿ ಡಾಲರಿಗೂ ಹೆಚ್ಚಿನ ಮೌಲ್ಯ ಕರಗಿತು. ಕಾರಣಗಳನ್ನು ಹೇಳುವಾಗ ಕಂಪನಿ ಭಾರತದಲ್ಲಿ ಡೇಟಾ ದರ ಏರಿದ್ದನ್ನೂ ಎತ್ತಿ ಆಡಿತು. 2021ರ ಕೊನೆಯಲ್ಲಿ ಇಲ್ಲಿನ ಟೆಲಿಕಾಂ ಕಂಪನಿಗಳು ರಿಚಾರ್ಜ್ ದರವನ್ನು ಶೇ. 20–25ರಷ್ಟು ಏರಿಸಿದ್ದವು. ಕ್ಯಾಲಿಫೋರ್ನಿಯಾದ ಕಂಪನಿಯ ಲೆಕ್ಕಪತ್ರದಲ್ಲಿ ಭಾರತದ ಸಣ್ಣ ಊರಿನ ಹುಡುಗನ ರಿಚಾರ್ಜಿಗೂ ಒಂದು ಸಾಲು ಇದೆ ಎಂಬುದು ಆ ದಿನ ಬಯಲಾಯಿತು. ಜಾಲತಾಣ ಬಿಡುವುದಕ್ಕೆ ಬೇಸರವೊಂದೇ ಕಾರಣವಲ್ಲ, ಕಿಸೆಯೂ ಕಾರಣ.

ಕಾಕಾ ಬಂದ ಮೇಲೆ

ಹರೆಯದವರು ಫೇಸ್‌ಬುಕ್ ಬಿಟ್ಟದ್ದೇಕೆ? ಇದಕ್ಕೆ ದೊಡ್ಡ ಸಮೀಕ್ಷೆ ಬೇಕಿಲ್ಲ. ಕಾಲೇಜಿನ ಹುಡುಗರ ಮಾತಿನಲ್ಲೇ ಉತ್ತರ ಇದೆ: “ಅದ್ರಾಗ ಬರೇ ಕಾಕಾಗೋಳು ಅದಾರ್ರೀ.” ಒಂದು ಕಾಲಕ್ಕೆ ಗೆಳೆಯರಷ್ಟೇ ಇದ್ದ ಜಾಗಕ್ಕೆ ಕಾಕಾ, ಮಾಮಾ, ಸಾಲಿ ಮಾಸ್ತರು, ಓಣಿಯ ಹಿರಿಯರು, ಪಕ್ಷದ ಕಾರ್ಯಕರ್ತರು ಎಲ್ಲ ಬಂದು ಕೂತರು. ಫೋಟೊ ಹಾಕಿದರೆ ಮನೆಯಲ್ಲಿ ಸುದ್ದಿ. ಒಂದು ಕಾಮೆಂಟ್ ಬರೆದರೆ ನೆಂಟರಲ್ಲಿ ಮಾತು. ಹರೆಯಕ್ಕೆ ಹಿರಿಯರ ಕಣ್ಣಿನಿಂದ ತುಸು ದೂರದ ಜಾಗ ಬೇಕು. ಊರ ಹೊರಗಿನ ಕಟ್ಟೆ, ಗರಡಿಮನೆ, ಕಾಲುವೆ ದಂಡೆ, ಚಹಾದಂಗಡಿ ಇದೇ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. ಹಿರಿಯರು ಬಂದು ಕೂತ ಜಾಗದಿಂದ ಹುಡುಗರು ಸದ್ದಿಲ್ಲದೆ ಏಳುತ್ತಾರೆ. ಅದರಲ್ಲಿ ಅಗೌರವ ಇಲ್ಲ. ಮರ್ಯಾದೆಯಿಂದಲೇ ಎದ್ದು ಬೇರೆ ಕಡೆ ಹೋಗುತ್ತಾರೆ.

ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇದಕ್ಕೊಂದು ದಾರಿ ಇದೆ. ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎಂದು ಆರಿಸಬಹುದು, ಮತ್ತು ಇಪ್ಪತ್ತನಾಲ್ಕು ಗಂಟೆಗೆ ಅದು ತಾನಾಗಿ ಅಳಿಯುತ್ತದೆ. ಅಪ್ಪನಿಗೆ ಕಾಣದ ಸ್ಟೇಟಸ್ಸು ಗೆಳೆಯರಿಗೆ ಕಾಣುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ಎರಡು ಖಾತೆ ಇಟ್ಟುಕೊಳ್ಳುವುದೂ ಇದೇ ಉಪಾಯ, ಒಂದು ನೆಂಟರಿಗೆ, ಇನ್ನೊಂದು ದೋಸ್ತರಿಗೆ. ಆ ಮಟ್ಟಿಗೆ ಒಂದೇ ಕಂಪನಿಯ ಒಂದು ತಾಣದಿಂದ ಎದ್ದವರು ಅದೇ ಕಂಪನಿಯ ಇನ್ನೊಂದು ತಾಣದಲ್ಲಿ ಕೂತಿದ್ದಾರೆ. ಇನ್‌ಸ್ಟಾಗ್ರಾಮನ್ನು 2012ರಲ್ಲಿ 100 ಕೋಟಿ ಡಾಲರಿಗೂ ವಾಟ್ಸಾಪನ್ನು 2014ರಲ್ಲಿ 1,900 ಕೋಟಿ ಡಾಲರಿಗೂ ಫೇಸ್‌ಬುಕ್ ಕೊಂಡದ್ದು ಈ ವಲಸೆಯ ದಿಕ್ಕನ್ನು ಮೊದಲೇ ಅಂದಾಜು ಮಾಡಿ.

ಇಲ್ಲಿಯವರೆಗೆ “ಹುಡುಗರು” ಎಂದು ಹೇಳಿದ್ದು ಬಹುಪಾಲು ಗಂಡುಹುಡುಗರ ಕಥೆ. ಹೆಣ್ಣುಮಕ್ಕಳ ಕಥೆಯನ್ನು ಬೇರೆಯಾಗಿಯೇ ಹೇಳಬೇಕು. ಗ್ರಾಮೀಣ ಶಿಕ್ಷಣದ ಸ್ಥಿತಿ ತಿಳಿಸುವ ‘ಅಸರ್’ 2023ರ ವರದಿಗಾಗಿ ದೇಶದ 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನ ಗ್ರಾಮೀಣ ಮಕ್ಕಳ ಸಮೀಕ್ಷೆ ನಡೆಯಿತು. ಸ್ಮಾರ್ಟ್‌ಫೋನ್ ಬಳಸಲು ಬಲ್ಲವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಸಮೀಕ್ಷೆಯ ಹಿಂದಿನ ವಾರದಲ್ಲಿ ಜಾಲತಾಣ ನೋಡಿದ್ದರು. ಆದರೆ ಹಾಗೆ ಬಳಸಬಲ್ಲವರಲ್ಲಿ ತನ್ನದೇ ಫೋನ್ ಇದ್ದದ್ದು ಗಂಡುಮಕ್ಕಳಲ್ಲಿ ಶೇ. 43.7 ಮಂದಿಗೆ, ಹೆಣ್ಣುಮಕ್ಕಳಲ್ಲಿ ಶೇ. 19.8 ಮಂದಿಗೆ. ಉಳಿದವರು ಅಣ್ಣನ ಫೋನಿನಲ್ಲಿ, ಅವ್ವನ ಫೋನಿನಲ್ಲಿ, ಬೇರೆಯವರ ಖಾತೆಯಲ್ಲಿ ನೋಡುತ್ತಾರೆ. ನೋಡುವವಳು ಒಬ್ಬಳು, ಕಂಪನಿಯ ಲೆಕ್ಕಕ್ಕೆ ಸೇರುವ ಹೆಸರು ಇನ್ನೊಬ್ಬರದು.

ಫೇಸ್‌ಬುಕ್ಕಿನ ಒಳಗಿನ ಅಧ್ಯಯನವೊಂದನ್ನು ರಾಯಿಟರ್ಸ್ ಸುದ್ದಿಸಂಸ್ಥೆ 2022ರ ಜುಲೈನಲ್ಲಿ ಹೊರಗೆ ತಂದಿತು. ಅದರ ಪ್ರಕಾರ 2021ರಲ್ಲಿ ಭಾರತದ ಫೇಸ್‌ಬುಕ್ ಬಳಕೆದಾರರಲ್ಲಿ ಶೇ. 75ರಷ್ಟು ಗಂಡಸರಿದ್ದರು. ಅಪರಿಚಿತರ ಕಾಟ, ಫೋಟೊ ದುರ್ಬಳಕೆಯ ಭಯ, ಮನೆಯವರ ವಿರೋಧ ಹೆಂಗಸರನ್ನು ದೂರ ಇಟ್ಟಿದ್ದವು. 2020ರ ಮೇ ತಿಂಗಳಲ್ಲಿ ಪ್ರೊಫೈಲಿಗೆ ಬೀಗ ಹಾಕುವ ಸೌಲಭ್ಯವನ್ನು ಕಂಪನಿ ಭಾರತಕ್ಕೆ ತಂದದ್ದು ಇದೇ ಕಾರಣಕ್ಕೆ. ಡಿಪಿಯಲ್ಲಿ ತನ್ನ ಮುಖದ ಬದಲು ಗುಲಾಬಿ ಹೂವು, ದೇವರ ಚಿತ್ರ, ನಟಿಯ ಫೋಟೊ ಇಡುವ ಹುಡುಗಿಯರ ಜಾಣತನವನ್ನು ಕಂಪನಿ ತಡವಾಗಿ ಕಲಿಯಿತು. ಯುವಜನರನ್ನು ಉಳಿಸಿಕೊಳ್ಳುವ ಮಾತಿಗೆ ಮೊದಲು, ಅವರಲ್ಲಿ ಅರ್ಧದಷ್ಟು ಜನ ಇನ್ನೂ ಹೊಸ್ತಿಲ ಮೇಲೆ ನಿಂತಿದ್ದಾರೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಒಂದು ರಾತ್ರಿಯ ನಿಷೇಧ

2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಅವುಗಳಲ್ಲಿ ಟಿಕ್‌ಟಾಕ್ ಕೂಡ ಇತ್ತು. ಆಗ ಭಾರತದಲ್ಲಿ ಅದರ ಬಳಕೆದಾರರು ಸುಮಾರು 20 ಕೋಟಿ ಎಂಬ ಅಂದಾಜಿತ್ತು. ನಗರದ ಓದಿದವರು ಹಗುರವಾಗಿ ನೋಡುತ್ತಿದ್ದ ಆ ತಾಣ ಹಳ್ಳಿಯ ಹುಡುಗರಿಗೆ ಮೊದಲ ರಂಗಮಂಚವಾಗಿತ್ತು. ಅಲ್ಲಿ ಬರೆಯಬೇಕಿರಲಿಲ್ಲ, ಇಂಗ್ಲಿಷ್ ಬೇಕಿರಲಿಲ್ಲ, ಮೊದಲೇ ಗೆಳೆಯರ ದಂಡು ಕಟ್ಟಿಕೊಂಡಿರಬೇಕಿರಲಿಲ್ಲ. ಹೊಲದ ಬದುವಿನಲ್ಲಿ, ಮಗ್ಗದ ಮನೆಯ ಮುಂದೆ, ಟ್ರ್ಯಾಕ್ಟರಿನ ಬಾನೆಟ್ ಮೇಲೆ ಕೂತು ಮಾಡಿದ ತುಣುಕು ಲಕ್ಷ ಜನರನ್ನು ಮುಟ್ಟುತ್ತಿತ್ತು.

ನಿಷೇಧದ ನಂತರ ಆದದ್ದು ಜಾಲತಾಣಗಳ ಇತಿಹಾಸದಲ್ಲಿ ಅಪರೂಪದ ಪ್ರಯೋಗ. ಕೆಲವೇ ದಿನಗಳಲ್ಲಿ ಶೇರ್‌ಚಾಟ್ ಕಂಪನಿ ‘ಮೋಜ್’ ತೆರೆಯಿತು, ಡೈಲಿಹಂಟ್ ಬಳಗ ‘ಜೋಶ್’ ತಂದಿತು. ಜುಲೈ ಎರಡನೇ ವಾರ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಪ್ರಯೋಗವನ್ನು ಭಾರತದಿಂದಲೇ ಆರಂಭಿಸಿತು. ಮೋಜ್, ಜೋಶ್ ಎರಡರ ಹಿಂದಿನ ಕಂಪನಿಗಳೂ ಬೆಂಗಳೂರಿನವು, ಎರಡರಲ್ಲೂ ಕನ್ನಡ ಇತ್ತು. ಆದರೂ ಹುಡುಗರ ದೊಡ್ಡ ಹಿಂಡು ಇನ್‌ಸ್ಟಾಗ್ರಾಮಿಗೆ ಮತ್ತು ಯೂಟ್ಯೂಬಿಗೆ ನಡೆಯಿತು.

ಯೂಟ್ಯೂಬಿನಲ್ಲಿ ಉಳಿಯಲು ಒಂದು ಗಟ್ಟಿ ಕಾರಣ ಇತ್ತು, ದುಡ್ಡು. ಸಾವಿರ ಚಂದಾದಾರರು ಮತ್ತು ವರ್ಷದಲ್ಲಿ 4,000 ಗಂಟೆಯ ವೀಕ್ಷಣೆ ದಾಟಿದ ಚಾನೆಲ್ಲಿಗೆ ಜಾಹೀರಾತಿನ ಪಾಲು ಸಿಗುತ್ತದೆ. 2023ರ ಫೆಬ್ರುವರಿಯಿಂದ ಶಾರ್ಟ್ಸ್‌ಗೂ ಪಾಲು ಬಂತು. ಲಕ್ಷ ಚಂದಾದಾರರಾದರೆ ‘ಸಿಲ್ವರ್ ಬಟನ್’ ಮನೆಗೆ ಬರುತ್ತದೆ. ಅದನ್ನು ಬಿಚ್ಚಿ ತೋರಿಸುವ ವೀಡಿಯೊ ಈಗ ಉತ್ತರ ಕರ್ನಾಟಕದ ಚಾನೆಲ್‌ಗಳಲ್ಲಿ ಮನೆಯ ಶುಭಕಾರ್ಯದಂತೆ ನಡೆಯುತ್ತದೆ. ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಮಲ್ಲು ಜಮಖಂಡಿಯವರ ನಗೆವೀಡಿಯೊಗಳು, ಶಿವಪುತ್ರ ಯಶಾರಧಾ ಅವರ ಕಾಮಿಡಿ ಚಾನೆಲ್ ಈ ಭಾಗದ ಮಾತಿನ ಗತ್ತನ್ನು ರಾಜ್ಯದ ತುಂಬ ಕೇಳಿಸಿವೆ. ಕೃಷ್ಣೆಯ ಆಚೀಚೆ ಹುಟ್ಟಿದ ಹಾಡುಗಾರಿಕೆಯೂ ಹಾಗೆಯೇ ಬೆಳೆದಿದೆ. ಮಾಳು ನಿಪನಾಳ ಅವರ ‘ನಾ ಡ್ರೈವರ’ ಹಾಡು ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಸಲ ಕೇಳಿಸಿಕೊಂಡಿತು. ಅದನ್ನು ಹಾಡಿದವರು 2025ರಲ್ಲಿ ಕನ್ನಡ ಬಿಗ್ ಬಾಸ್ ಮನೆಯವರೆಗೆ ಹೋದರು. ಚಾಲಕನನ್ನು ನಾಯಕನನ್ನಾಗಿ ಮಾಡುವ ಹಾಡು ಕಬ್ಬಿನ ಟ್ರ್ಯಾಕ್ಟರುಗಳ ನಾಡಿನಲ್ಲಿ ಗೆದ್ದದ್ದು ಸಹಜವೇ.

ಇವರ ಕೆಲಸದ ರೀತಿ ಗಮನಿಸಿದರೆ ತಾಣದ ಮೇಲಿನ ನಿಷ್ಠೆ ಎಂಬುದು ಕಾಣುವುದೇ ಇಲ್ಲ. ಹಾಡಿನ ಮೂವತ್ತು ಸೆಕೆಂಡು ಇನ್‌ಸ್ಟಾದಲ್ಲಿ ಬಿಟ್ಟು ಜನರನ್ನು ಸೆಳೆಯುತ್ತಾರೆ, ಪೂರ್ತಿ ಹಾಡನ್ನು ಯೂಟ್ಯೂಬಿನಲ್ಲಿ ಇಟ್ಟು ದುಡಿಯುತ್ತಾರೆ, ಜಾತ್ರೆಯ ರಸಮಂಜರಿ ಕಾರ್ಯಕ್ರಮಕ್ಕೆ ಕರೆಯಿರೆಂದು ವಾಟ್ಸಾಪ್ ನಂಬರ್ ಕೊಡುತ್ತಾರೆ. ಕೊನೆಗೆ ಸಂಪಾದನೆ ಬರುವುದು ಜಾತ್ರೆಯ ವೇದಿಕೆಯಿಂದ. ಟಿಕ್‌ಟಾಕ್ ಒಂದು ರಾತ್ರಿಯಲ್ಲಿ ಹೋದದ್ದನ್ನು ಕಂಡವರು ಮತ್ತೆ ಒಂದೇ ಮನೆಯಲ್ಲಿ ಎಲ್ಲ ಕಾಳು ಇಡುವುದಿಲ್ಲ.

ಕನ್ನಡ ಇದ್ದರೆ ಸಾಕೇ?

“ನಮ್ಮ ಭಾಷೆಯ ಜಾಲತಾಣ ಇದ್ದರೆ ನಮ್ಮ ಹುಡುಗರು ಅಲ್ಲೇ ನಿಲ್ಲುತ್ತಾರೆ” ಎಂಬ ನಂಬಿಕೆ ಬಹಳ ಜನರದು. ಇದನ್ನು ಪರೀಕ್ಷಿಸಿ ನೋಡಿದ ನಿಜವಾದ ಪ್ರಕರಣ ಕರ್ನಾಟಕದಲ್ಲೇ ಇದೆ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಬೆಂಗಳೂರಿನಲ್ಲಿ 2020ರಲ್ಲಿ ‘ಕೂ’ ತಾಣವನ್ನು ಆರಂಭಿಸಿದರು. ಅದು ಮೊದಲು ಬಂದದ್ದು ಕನ್ನಡದಲ್ಲಿ, ಆಮೇಲೆ ಉಳಿದ ಭಾಷೆಗಳಲ್ಲಿ. ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದಕ್ಕೆ ಮನ್ನಣೆ ಸಿಕ್ಕಿತು. 2021ರ ಆರಂಭದಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟರಿಗೂ ಜಗಳ ಹತ್ತಿದಾಗ ಮಂತ್ರಿಗಳು, ಇಲಾಖೆಗಳು ‘ಕೂ’ಗೆ ಬಂದವು. ಉತ್ತುಂಗದಲ್ಲಿ ದಿನಕ್ಕೆ 21 ಲಕ್ಷ, ತಿಂಗಳಿಗೆ ಸುಮಾರು ಒಂದು ಕೋಟಿ ಬಳಕೆದಾರರಿದ್ದರೆಂದು ಸ್ಥಾಪಕರೇ ಹೇಳಿದ್ದಾರೆ. 2024ರ ಜುಲೈನಲ್ಲಿ ಅದು ಮುಚ್ಚಿತು. ಬೇರೆ ಕಂಪನಿಗಳೊಡನೆ ಕೂಡಿಕೊಳ್ಳುವ ಮಾತುಕತೆ ಮುರಿದಿತ್ತು, ಬಂಡವಾಳ ಬತ್ತಿತ್ತು.

ಸ್ಥಾಪಕರ ಶ್ರದ್ಧೆಯನ್ನು ಯಾರೂ ಅನುಮಾನಿಸಲಾರರು. ಕನ್ನಡದಲ್ಲಿ ಬರೆಯಬಹುದಾದ, ಓದಬಹುದಾದ ಒಳ್ಳೆಯ ತಾಣವನ್ನೇ ಕಟ್ಟಿದ್ದರು. ಆದರೆ ಬನಹಟ್ಟಿಯ ಹತ್ತೊಂಬತ್ತರ ಹುಡುಗ ಅಲ್ಲಿಗೆ ಬಂದರೆ ಕಾಣುತ್ತಿದ್ದದ್ದು ಮಂತ್ರಿಗಳು, ನಟರು, ಕ್ರಿಕೆಟಿಗರು. ಅವನ ದೋಸ್ತ ಅಲ್ಲಿರಲಿಲ್ಲ. ಟ್ವಿಟರ್ ಮಾದರಿಯ ತಾಣ ಬರೆಯುವವರ ತಾಣ, ಹಾಡಿ ಕುಣಿದು ತೋರಿಸುವ ಹುಡುಗರ ಮನಸ್ಸು ಅಲ್ಲಿ ಇಳಿಯುವುದು ಕಷ್ಟ. ಭಾಷೆ ಬಾಗಿಲು ತೆರೆಯಿತು, ಒಳಗೆ ಬಳಗ ಇರಲಿಲ್ಲ.

ಶೇರ್‌ಚಾಟ್ ಇದಕ್ಕೆ ಹೋಲಿಸಿದರೆ ಹೆಚ್ಚು ಕಾಲ ನಿಂತಿದೆ. ಐಐಟಿ ಕಾನ್ಪುರದಲ್ಲಿ ಓದಿದ ಅಂಕುಶ್ ಸಚದೇವ, ಫರೀದ್ ಅಹಸಾನ್, ಭಾನು ಪ್ರತಾಪ್ ಸಿಂಗ್ 2015ರಲ್ಲಿ ಕಟ್ಟಿದ ಈ ತಾಣ ಭಾರತೀಯ ಭಾಷೆಗಳಿಗೇ ಮೀಸಲು. ಅದರ ಬಲ ಇದ್ದದ್ದು ಅಲ್ಲಿ ಸಿಕ್ಕ ಚಿತ್ರ, ಹಾಡು, ಶುಭಾಶಯಗಳನ್ನು ನೇರ ವಾಟ್ಸಾಪಿಗೆ ಕಳಿಸಬಹುದು ಎಂಬಲ್ಲಿ. ಬಳಗ ಇದ್ದ ಕಡೆಗೆ ಸರಕು ಸಾಗಿಸುವ ಕೆಲಸವನ್ನು ಅದು ಮಾಡಿತು.

ಹಾಸು ಮತ್ತು ಹೊಕ್ಕು

ರಬಕವಿ-ಬನಹಟ್ಟಿಯವರಿಗೆ ಈ ಸಂಗತಿಯನ್ನು ಮಗ್ಗದ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು ಹಾಸು. ಅಡ್ಡಕ್ಕೆ ಲಾಳಿಯೊಡನೆ ಓಡಾಡುವ ನೂಲು ಹೊಕ್ಕು. ಜಾಲತಾಣದಲ್ಲಿ ಹಾಸು ಎಂದರೆ ಗೊತ್ತಿರುವ ಜನ: ಸಾಲಿಯ ಗೆಳೆಯರು, ಓಣಿಯವರು, ಅತ್ತೆ-ಮಾವನ ಮಕ್ಕಳು. ಹೊಕ್ಕು ಎಂದರೆ ದಿನವೂ ಬಂದು ಹೋಗುವ ಫೋಟೊ, ಹಾಡು, ವೀಡಿಯೊ. ಆರ್ಕುಟ್ ಮತ್ತು ಮೊದಲಿನ ಫೇಸ್‌ಬುಕ್ ಹಾಸನ್ನು ಬಿಗಿದು ಹೊಕ್ಕನ್ನು ಬಳಕೆದಾರರಿಗೇ ಬಿಟ್ಟಿದ್ದವು. ಟಿಕ್‌ಟಾಕ್ ಬಂದು ಹಾಸೇ ಬೇಡ, ಹೊಕ್ಕನ್ನು ಮಾತ್ರ ಓಡಿಸಿದರೂ ಜನ ಕೂರುತ್ತಾರೆ ಎಂದು ತೋರಿಸಿತು. ಗೆಳೆಯ ಯಾರೆಂದು ಕೇಳದೆ, ಬೆರಳು ಎಲ್ಲಿ ನಿಂತಿತು ಎಂಬುದನ್ನಷ್ಟೇ ಲೆಕ್ಕ ಹಾಕಿ ಮುಂದಿನ ವೀಡಿಯೊ ಕೊಡುವ ವಿಧಾನ ಅದು.

ಉಳಿದವರೂ ಅದೇ ದಾರಿ ಹಿಡಿದರು. 2022ರಲ್ಲಿ ಮಾರ್ಕ್ ಜುಕರ್‌ಬರ್ಗ್ ಫೇಸ್‌ಬುಕ್ಕಿನಲ್ಲಿ ಸುಮಾರು ಶೇ. 15ರಷ್ಟು ಸರಕು ಬಳಕೆದಾರರು ಹಿಂಬಾಲಿಸದವರಿಂದ ಬರುತ್ತಿದೆ, 2023ರ ಕೊನೆಗೆ ಅದು ದುಪ್ಪಟ್ಟಿಗೂ ಹೆಚ್ಚಾಗಲಿದೆ ಎಂದರು. 2025ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಮೆಟಾ ವಿರುದ್ಧದ ಏಕಸ್ವಾಮ್ಯ ಮೊಕದ್ದಮೆ ನಡೆದಾಗ ಕಂಪನಿಯೇ ಇಟ್ಟ ಅಂಕಿ ಹೀಗಿತ್ತು: ಗೆಳೆಯರು ಹಾಕಿದ್ದನ್ನು ನೋಡಲು ಜನ ಕಳೆಯುವ ಸಮಯದ ಪಾಲು ಎರಡು ವರ್ಷಗಳಲ್ಲಿ ಫೇಸ್‌ಬುಕ್ಕಿನಲ್ಲಿ ಶೇ. 22ರಿಂದ 17ಕ್ಕೆ, ಇನ್‌ಸ್ಟಾಗ್ರಾಮಿನಲ್ಲಿ ಶೇ. 11ರಿಂದ 7ಕ್ಕೆ ಇಳಿದಿದೆ. ಅಂದರೆ ಇನ್‌ಸ್ಟಾಗ್ರಾಮಿನಲ್ಲಿ ನೂರು ನಿಮಿಷ ಕೂತವರು ಗೆಳೆಯರೊಡನೆ ಇರುವುದು ಏಳೇ ನಿಮಿಷ.

ಉಪನ್ಯಾಸದ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ತಾಣಗಳು ಹರೆಯದವರ ಸಮಯವನ್ನು ಹಿಂದೆಂದಿಗಿಂತ ಹೆಚ್ಚು ಹಿಡಿಯುತ್ತಿವೆ. ಆದರೆ ಹಿಡಿಯಲು ಅವು ಬಿಟ್ಟುಕೊಟ್ಟದ್ದು ಗೆಳೆತನವನ್ನು. ಗೆಳೆಯರಿಗಾಗಿ ಬಂದವನು ಎದ್ದು ಹೋಗುವಾಗ ನೂರು ಜನರನ್ನು ಬಿಟ್ಟು ಹೋಗಬೇಕು. ಅಪರಿಚಿತರ ವೀಡಿಯೊ ನೋಡಲು ಬಂದವನಿಗೆ ಬಿಟ್ಟು ಹೋಗುವವರು ಯಾರೂ ಇಲ್ಲ. ಇನ್ನೂ ಚೆನ್ನಾದ ವೀಡಿಯೊ ಎಲ್ಲಿ ಸಿಕ್ಕರೂ ಅಂದೇ ಹೊರಡಬಹುದು. ಆದ್ದರಿಂದ ಇಂದಿನ ಜನಪ್ರಿಯ ತಾಣಗಳು ಈಗಿನ ಯುವಕರನ್ನು ಅವರ ಮೂವತ್ತರವರೆಗೆ ಉಳಿಸಿಕೊಳ್ಳುವುದು ಸಾಧ್ಯ, ಆದರೆ ಇಂದು ಎಂಟನೆಯ ಇಯತ್ತೆಯಲ್ಲಿ ಕೂತ ಅವರ ತಮ್ಮ-ತಂಗಿಯರನ್ನೂ ಹಾಗೆಯೇ ಉಳಿಸಿಕೊಳ್ಳುತ್ತವೆ ಎಂದು ನಂಬಲು ಕಾರಣ ಕಾಣುವುದಿಲ್ಲ.

ವಾಟ್ಸಾಪ್ ಈ ಮಾತಿಗೆ ಹೊರತಾಗಿ ನಿಲ್ಲುತ್ತದೆ, ಕಾರಣ ಅದರ ಹಾಸು ಇನ್ನೂ ಬಿಗಿಯಾಗಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಒಟ್ಟಿಗೆ ಉಕ್ಕಿ ಬಂದಾಗ ಜಮಖಂಡಿ ತಾಲ್ಲೂಕಿನ ನದಿದಂಡೆಯ ಹಳ್ಳಿಗಳಿಗೂ ಮುಧೋಳ ಪಟ್ಟಣಕ್ಕೂ ನೀರು ನುಗ್ಗಿತು. ಕೊಯ್ನಾದಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ಹಿಡಕಲ್ ಡ್ಯಾಮಿನಿಂದ ಎಷ್ಟು ಬಿಟ್ಟರು, ಯಾದವಾಡ ಸೇತುವೆ ಮುಳುಗಿತೋ ಇಲ್ಲವೋ ಎಂಬುದು ಪ್ರತಿ ಮಳೆಗಾಲದಲ್ಲಿ ದನಕರು, ಮನೆಸಾಮಾನು ಯಾವಾಗ ಎತ್ತಬೇಕೆಂದು ತೀರ್ಮಾನಿಸುವ ಸುದ್ದಿ. ಅಂಥ ಸುದ್ದಿ ಗ್ರೂಪಿನಲ್ಲಿ ಬರುತ್ತದೆ, ಮತ್ತು ಕಳಿಸಿದವನು ಯಾರ ಮಗ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಆಲಮಟ್ಟಿ ಹಿನ್ನೀರಿಗೆ ಊರು ಕೊಟ್ಟು ಬೇರೆ ಬೇರೆ ಕಡೆ ನೆಲೆಸಿದ ಬೀಳಗಿ ಸೀಮೆಯ ಮನೆತನಗಳಿಗೆ ಹಳೆಯ ಓಣಿಯವರೆಲ್ಲ ಒಟ್ಟಿಗೆ ಸಿಗುವ ಜಾಗ ಊರಿನ ಹೆಸರಿನ ಗ್ರೂಪು. ಅಲ್ಲಿಂದ ಹುಡುಗರು ಹೊರಬೀಳುವುದಿಲ್ಲ, ಏಕೆಂದರೆ ಅದು ಮನರಂಜನೆಯ ಜಾಗವಲ್ಲ, ಮನೆಯ ಜಾಗ.

ಕಾನೂನಿನ ಬೇಲಿ

ಇನ್ನೊಂದು ದಿಕ್ಕಿನಿಂದಲೂ ಬದಲಾವಣೆ ಬರುತ್ತಿದೆ. ಆಸ್ಟ್ರೇಲಿಯಾ 16 ವರ್ಷದೊಳಗಿನವರಿಗೆ ದೊಡ್ಡ ಜಾಲತಾಣಗಳ ಖಾತೆ ಇರಬಾರದೆಂದು 2024ರಲ್ಲಿ ಕಾನೂನು ಮಾಡಿ, 2025ರ ಡಿಸೆಂಬರ್ 10ರಿಂದ ಜಾರಿಗೆ ತಂದಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ, ಮಕ್ಕಳ ನಡವಳಿಕೆಯ ಜಾಡು ಹಿಡಿದು ಜಾಹೀರಾತು ತೋರಿಸುವುದನ್ನು ತಡೆಯುತ್ತದೆ. ಅಪ್ಪನ ಆಧಾರ್ ಜೋಡಿಸಿದ ಸಿಮ್ಮಿನಲ್ಲಿ ಮನೆಯವರೆಲ್ಲ ಸೇರಿ ಬಳಸುವ ಒಂದೇ ಫೋನಿನಲ್ಲಿ ಈ ಒಪ್ಪಿಗೆಯನ್ನು ಸರಿಯಾಗಿ ಪಡೆಯುವುದು ದೊಡ್ಡ ಕೆಲಸ. ಆ ಕೆಲಸದ ಹೆಸರಿನಲ್ಲಿ ಮೊದಲು ಫೋನ್ ಕಸಿದುಕೊಳ್ಳುವುದು ಹುಡುಗಿಯ ಕೈಯಿಂದ ಆಗಬಾರದು ಎಂಬ ಎಚ್ಚರ ಮನೆಗಳಿಗೂ ಶಾಲೆಗಳಿಗೂ ಬೇಕು.

ಉಳಿಸಬೇಕಾದದ್ದು ಯಾವುದು

ತಾಣಗಳು ಹುಡುಗರನ್ನು ಉಳಿಸಿಕೊಳ್ಳುವ ಚಿಂತೆಯನ್ನು ತಾಣಗಳೇ ಮಾಡಲಿ. ಹುಡುಗರು ಮಾಡಿದ್ದನ್ನು ಉಳಿಸುವ ಚಿಂತೆ ಈ ನಾಲ್ಕು ಊರುಗಳದು.

2019ರ ಮಾರ್ಚಿನಲ್ಲಿ ಮೈಸ್ಪೇಸ್ ಒಂದು ತಪ್ಪೊಪ್ಪಿಗೆ ಪ್ರಕಟಿಸಿತು. ಸರ್ವರ್ ಬದಲಿಸುವಾಗ 2015ರವರೆಗೆ ಜನ ಏರಿಸಿದ್ದ ಹಾಡು, ಫೋಟೊ, ವೀಡಿಯೊಗಳೆಲ್ಲ ಅಳಿದುಹೋಗಿದ್ದವು. ಸುಮಾರು 1.4 ಕೋಟಿ ಕಲಾವಿದರ 5 ಕೋಟಿಗೂ ಹೆಚ್ಚು ಹಾಡುಗಳು ಎಂಬುದು ಆಗಿನ ಅಂದಾಜು. ಟಿಕ್‌ಟಾಕ್‌ನಲ್ಲಿ ಎರಡು ವರ್ಷ ಉತ್ತರ ಕರ್ನಾಟಕದ ಹುಡುಗರು ಮಾಡಿದ್ದರಲ್ಲಿ ಎಷ್ಟು ಯಾರ ಫೋನಿನಲ್ಲಿ ಉಳಿದಿದೆಯೋ ಅಷ್ಟೇ ಉಳಿದಿದೆ. ನಾಳೆ ಒಂದು ಯೂಟ್ಯೂಬ್ ಚಾನೆಲ್ ಹಕ್ಕುಸ್ವಾಮ್ಯದ ದೂರಿಗೆ ಸಿಕ್ಕಿ ಮುಚ್ಚಿದರೆ, ನಡೆಸುವವನು ಪಾಸ್‌ವರ್ಡ್ ಕಳೆದುಕೊಂಡರೆ, ಅದರೊಡನೆ ಡೊಳ್ಳಿನ ಪದದ ಒಂದಿಡೀ ರಾತ್ರಿಯ ಹಾಡಿಕೆ, ಹರದೇಶಿ–ನಾಗೇಶಿ ವಾದ, ಶ್ರೀಕೃಷ್ಣ ಪಾರಿಜಾತದ ಒಂದು ಪ್ರಯೋಗ ಹೋಗುತ್ತವೆ. ಇವುಗಳಲ್ಲಿ ಬಹಳಷ್ಟನ್ನು ಚಿತ್ರೀಕರಿಸಿದವರು ಯಾವ ಅಕಾಡೆಮಿಯವರೂ ಅಲ್ಲ. ಕ್ಯಾಮೆರಾ ಬಾಡಿಗೆ ಹಿಡಿದ ಇಪ್ಪತ್ತರ ಹುಡುಗರು. ಅಗ್ಗವೆಂದು ಹಿರಿಯರು ತಳ್ಳಿಹಾಕುವ ಡಿಜೆ ಹಾಡಿನಲ್ಲೂ ಈ ಸೀಮೆಯ ಮಾತಿನ ಲಯ, ಬೈಗುಳ, ಪ್ರೀತಿ, ಸಾಲ, ಸರಕು ಎಲ್ಲ ಇವೆ. ಐವತ್ತು ವರ್ಷದ ನಂತರ 2020ರ ದಶಕದ ಜಮಖಂಡಿಯ ಆಡುಮಾತನ್ನು ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಸಿಗಲಾರದು.

ಇದು ದೊಡ್ಡ ಸರ್ಕಾರಿ ಯೋಜನೆಗೆ ಕಾಯಬೇಕಾದ ಕೆಲಸವಲ್ಲ. ಇದೇ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಕೃಷ್ಣಾತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮದೇ ವಂತಿಗೆ ಮತ್ತು ದುಡಿಮೆಯಿಂದ ನದಿಗೆ ಬ್ಯಾರೇಜ್ ಕಟ್ಟಿದರು. ‘ಶ್ರಮಬಿಂದು ಸಾಗರ’ ಎಂದು ಅದಕ್ಕೆ ಹೆಸರಿಟ್ಟರು. ಹರಿದು ಹೋಗುವುದನ್ನು ನಿಲ್ಲಿಸಿ ಇಟ್ಟುಕೊಳ್ಳುವುದು ಹೇಗೆಂದು ಈ ನೆಲಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಮಾಡಬೇಕಾದ ಕೆಲಸಗಳು ನಾಲ್ಕು. ಮೊದಲನೆಯದು, ಜಮಖಂಡಿಯಲ್ಲಿರುವ ಬಾಗಲಕೋಟೆ ವಿಶ್ವವಿದ್ಯಾಲಯದ ಕನ್ನಡ ಮತ್ತು ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಕಿರುಪ್ರಬಂಧದ ಬದಲು ತಮ್ಮ ಊರಿನ ಒಂದು ಚಾನೆಲ್ಲಿನ ಸಂಗ್ರಹ ಮಾಡಲು ಅವಕಾಶ ಕೊಡುವುದು. ಒಡೆಯನ ಒಪ್ಪಿಗೆ ಪಡೆದು ಮೂಲ ಫೈಲುಗಳನ್ನು ತರುವುದು, ಹಾಡಿದವರು, ಬರೆದವರು, ಊರು, ತಾರೀಖುಗಳನ್ನು ಕನ್ನಡದಲ್ಲಿ ಬರೆದಿಡುವುದು. ಎರಡನೆಯದು, ಆ ಸಂಗ್ರಹದ ಒಂದು ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಇನ್ನೊಂದು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಲ್ಲಿ ಇರುವಂತೆ ಒಡಂಬಡಿಕೆ ಮಾಡಿಕೊಳ್ಳುವುದು. ಮೂರನೆಯದು, ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಖಾತೆಯ ಭದ್ರತೆ, ದೂರು ಕೊಡುವ ವಿಧಾನ, ಸೈಬರ್ ಅಪರಾಧದ 1930 ಸಹಾಯವಾಣಿ ಇವುಗಳ ಜೊತೆಗೇ ಚಿತ್ರೀಕರಣ ಮತ್ತು ಎಡಿಟಿಂಗ್ ಕಲಿಸುವುದು, ಏಕೆಂದರೆ ಕಂಡಿಕೆ ಸುತ್ತುವ ಅವ್ವನ, ಬೀಸುಕಲ್ಲಿನ ಪದ ಬಲ್ಲ ಅಜ್ಜಿಯ ಮುಂದೆ ಕ್ಯಾಮೆರಾ ಹಿಡಿದು ಕೂರಲು ಅವರಿಗಿಂತ ಸಲುಗೆ ಇದ್ದವರಿಲ್ಲ. ನಾಲ್ಕನೆಯದು ಹಣದ ಮಾತು. ಪುಸ್ತಕಕ್ಕೆ, ಉಪನ್ಯಾಸಕ್ಕೆ, ಚಿನ್ನದ ಪದಕಕ್ಕೆ ದತ್ತಿ ಇಡುವ ದೊಡ್ಡ ಮನಸ್ಸು ಈ ಭಾಗದ ಮನೆತನಗಳಲ್ಲಿ ಇದೆ. ಹಾರ್ಡ್‌ಡಿಸ್ಕುಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಲು, ಸಂಗ್ರಹ ನೋಡಿಕೊಳ್ಳುವ ಒಬ್ಬ ವಿದ್ಯಾರ್ಥಿಗೆ ವೇತನ ಕೊಡಲು ಇನ್ನೊಂದು ದತ್ತಿ ಹುಟ್ಟಲಿ. ಅದರ ಮೊದಲ ವರ್ಷದ ಕೆಲಸ ಬನಹಟ್ಟಿ, ಮಹಾಲಿಂಗಪುರ, ಲೋಕಾಪುರದ ಜಾತ್ರೆಗಳಲ್ಲಿ ಚಿತ್ರೀಕರಿಸಿದವರ ಪಟ್ಟಿ ಮಾಡಿ, ಅವರ ಹಳೆಯ ಮೆಮೊರಿ ಕಾರ್ಡುಗಳನ್ನು ಕೇಳಿ ತರುವುದರಿಂದ ಆರಂಭವಾಗಬಹುದು.